ಜಾಗರಣೆಗೆ ಅದೇ ಕಣ್ಣಪ್ಪ: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಿವರಾತ್ರಿ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ‘ಬೇಡರ ಕಣ್ಣಪ್ಪ’ನ ಪತ್ರಗಳು ಶುರು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ರಾಜ್‌ಕುಮಾರ್ ನಾಯಕರಾಗಿ ಬಂದ ಮೊದಲ ಚಿತ್ರ, 1954ರದು. ಜಾಗರಣೆಯ ರಾತ್ರಿ ಅದನ್ನು ಹಾಕದಿದ್ದರೆ ಹಬ್ಬವೇ ಆಗಲಿಲ್ಲ ಎನ್ನುವ ಮನೆಗಳು ಬೆಂಗಳೂರಿನಲ್ಲಿ ಇನ್ನೂ ಇವೆ. ಚಿತ್ರ ಬದಲಾಗಿಲ್ಲ, ಟಿವಿ ಬದಲಾಗಿದೆ, ಡಿಸ್ಕಿಗೆ ವಯಸ್ಸಾಗಿದೆ. ಹಾಗಾಗಿ ಈ ಸಲದ ಪ್ರಶ್ನೆಗಳಲ್ಲಿ ಕತೆಯ ಮಾತಿಗಿಂತ ರಿಮೋಟು, ವೈರುಗಳ ಮಾತೇ ಹೆಚ್ಚು.

ಹೋದ ವರ್ಷ 55 ಇಂಚಿನ ಹೊಸ ಟಿವಿ ತಂದೆವು. ಅದರಲ್ಲಿ ಎಲ್ಲರೂ ದಪ್ಪಗೆ, ಕುಳ್ಳಗೆ ಕಾಣುತ್ತಾರೆ. ಮಗ ರಿಮೋಟ್‌ನಲ್ಲಿ ಏನೋ ಒತ್ತಿದ. ದಪ್ಪ ಹೋಯಿತು, ಆದರೆ ತಲೆಗಳೇ ಕತ್ತರಿಸಿಹೋದವು. ಬಣ್ಣವೂ ಒಂಥರಾ ಹಸಿರು. ನಿನ್ನೆ ಮೊನ್ನೆ ತೆಗೆದ ಧಾರಾವಾಹಿಯಂತೆ ಕಾಣುತ್ತದೆ.
— ಬಸವನಗುಡಿಯ ಓದುಗರು

ಮೂರು ದೂರು, ಮೂರಕ್ಕೂ ಬೇರೆ ಬೇರೆ ಕಾರಣ. ಚಿತ್ರದ ತಪ್ಪು ಒಂದೂ ಇಲ್ಲ.

ಆ ಕಾಲದ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ 4:3. ಅಂದರೆ ಎತ್ತರ ಮೂರು ಅಡಿ ಇದ್ದರೆ ಅಗಲ ನಾಲ್ಕೇ ಅಡಿ. ನಿಮ್ಮ ಟಿವಿ 16:9. ಚಿತ್ರವನ್ನು ಅಂಚಿನಿಂದ ಅಂಚಿಗೆ ಎಳೆದರೆ ಅಗಲ ಮೂರನೇ ಒಂದರಷ್ಟು ಹೆಚ್ಚಾಗುತ್ತದೆ, ಎತ್ತರ ಇದ್ದಷ್ಟೇ ಇರುತ್ತದೆ. ದಪ್ಪಗೆ ಕಾಣಲು ಇದೇ ಕಾರಣ. ನಿಮ್ಮ ಮಗ ಒತ್ತಿದ್ದು ‘ಝೂಮ್’. ಅದು ಚಿತ್ರವನ್ನು ಹಿಗ್ಗಿಸಿ ಮೇಲೆ ಕೆಳಗೆ ಸೇರಿ ಕಾಲು ಭಾಗ ಹೊರಗೆ ತಳ್ಳುತ್ತದೆ. ತಲೆ ಹೋದದ್ದು ಕಣ್ಣಿಗೆ ಬೀಳುತ್ತದೆ, ಪಾದ ಹೋದದ್ದು ಬೀಳುವುದಿಲ್ಲ. ಎರಡನೆಯ ಕಣ್ಣು ಕೀಳುವ ಮುನ್ನ ಗುರುತು ತಪ್ಪದಿರಲೆಂದು ಲಿಂಗದ ಮೇಲೆ ಪಾದ ಊರಿದವನ ಕತೆ ಇದು. ಪಾದ ಕತ್ತರಿಸಿಕೊಂಡು ನೋಡಿದರೆ ಉಳಿದದ್ದೇನು?

‘ಪಿಕ್ಚರ್ ಸೈಜ್’ ಅಥವಾ ‘ಆಸ್ಪೆಕ್ಟ್ ರೇಶಿಯೊ’ಗೆ ಹೋಗಿ ‘4:3’ ಅಥವಾ ‘ಒರಿಜಿನಲ್’ ಆರಿಸಿ. ನಿಮ್ಮ ಟಿವಿಯಲ್ಲಿ ಚಿತ್ರ ಸುಮಾರು 91 ಸೆಂಟಿಮೀಟರ್ ಅಗಲ ಬರುತ್ತದೆ, ಎರಡೂ ಬದಿಗೆ 15 ಸೆಂಟಿಮೀಟರಿನ ಕಪ್ಪು ಪಟ್ಟಿ ಇರುತ್ತದೆ. ಪಟ್ಟಿ ಇರಬೇಕಾದ್ದೇ. ವರ್ಷಕ್ಕೊಂದು ರಾತ್ರಿ ಹೀಗೆ ಹಾಕಿದರೆ ಪರದೆಯ ಮೇಲೆ ಕಲೆ ಉಳಿಯುವುದಿಲ್ಲ. ಸೈಜ್ ಸರಿ ಮಾಡಿದ ಮೇಲೂ ದಪ್ಪಗೇ ಕಂಡರೆ ಎಳೆದ ಚಿತ್ರವೇ ಫೈಲ್‌ನಲ್ಲಿದೆ ಎಂದರ್ಥ. ಆಗ ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಉಚಿತ ವಿಡಿಯೊ ಪ್ಲೇಯರ್ ಹಾಕಿ, ‘ವಿಡಿಯೊ’ ಮೆನುವಿನ ‘ಆಸ್ಪೆಕ್ಟ್ ರೇಶಿಯೊ’ದಲ್ಲಿ 4:3 ಕೊಡಿ.

ಹಸಿರು ಛಾಯೆಗೆ ಸುಲಭದ ಮದ್ದಿದೆ. ಟಿವಿಯ ‘ಕಲರ್’ ಅನ್ನು ಸೊನ್ನೆಗೆ ಇಳಿಸಿ. ಕಪ್ಪು-ಬಿಳುಪು ಚಿತ್ರಕ್ಕೆ ಬಣ್ಣದ ಹಂಗೇ ಬೇಡ. ಟೇಪಿನಿಂದಲೋ ಡಿಸ್ಕಿನಿಂದಲೋ ನಕಲು ಮಾಡುವಾಗ ಸೇರಿಕೊಂಡ ಛಾಯೆ ಅದರೊಂದಿಗೇ ಹೋಗುತ್ತದೆ. ‘ಕಲರ್ ಟೆಂಪರೇಚರ್’ ‘ವಾರ್ಮ್’ನಲ್ಲಿರಲಿ. ಮರುದಿನ ಕ್ರಿಕೆಟ್ ಹಾಕಿ ಟಿವಿ ಕೆಟ್ಟಿದೆ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡಬೇಡಿ, ಸೊನ್ನೆಗೆ ಇಳಿಸಿದವರು ನೀವೇ.

ಧಾರಾವಾಹಿಯ ಕಳೆಗೆ ಕಾರಣ ಟಿವಿಯ ಅತಿಬುದ್ಧಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟು ಮಾತ್ರ. ನಡುವೆ ಇಲ್ಲದ ಚೌಕಟ್ಟುಗಳನ್ನು ಟಿವಿ ತಾನೇ ಹುಟ್ಟಿಸಿ ತುಂಬುತ್ತದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್. ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದೊಂದನ್ನೇ ಒತ್ತಿದರೆ ಸಾಕು.

ಅಜ್ಜಿ ಹೇಳುವುದು ಕಪ್ಪು-ಬಿಳುಪು. ನನಗೆ ನೆನಪಿರುವುದು ಬಣ್ಣದ್ದು, ಅದರಲ್ಲಿ ಪುನೀತ್ ಇದ್ದರು. ಯಾರು ಸರಿ?
— ಜಯನಗರದ ಓದುಗರು

ಇಬ್ಬರೂ ಸರಿ. ನಿಮ್ಮದು 1988ರ ‘ಶಿವ ಮೆಚ್ಚಿದ ಕಣ್ಣಪ್ಪ’. ಅದರಲ್ಲಿ ಶಿವರಾಜ್‌ಕುಮಾರ್ ಕಣ್ಣಪ್ಪ, ಪುನೀತ್ ಬಾಲಕ ಕಣ್ಣಪ್ಪ, ರಾಜ್‌ಕುಮಾರ್ ಶಿವ. ಹಳೆಯದರಲ್ಲಿ ರಾಜ್‌ಕುಮಾರ್ ಅವರೇ ಕಣ್ಣಪ್ಪ, ಜೊತೆಗೆ ಪಂಢರಿಬಾಯಿ.

ನಮ್ಮ ಹಳೇ ಡಿಸ್ಕಿನಲ್ಲಿ ಹಾಡುಗಳು ಮೂಲ ಶ್ರುತಿಗಿಂತ ಮೇಲಿವೆ ಎಂದು ಸಂಗೀತದ ಮೇಷ್ಟ್ರು ಹೇಳುತ್ತಾರೆ. ಕಿವಿಯ ಭ್ರಮೆಯೇ?
— ಮಲ್ಲೇಶ್ವರದ ಓದುಗರು

ಮೇಷ್ಟ್ರ ಕಿವಿ ಸರಿಯಾಗಿದೆ. ನಮ್ಮ ದೇಶದ ಟಿವಿ ಪದ್ಧತಿ ಪಾಲ್. ಅದಕ್ಕೆ ಸೆಕೆಂಡಿಗೆ 25 ಚೌಕಟ್ಟು ಬೇಕು. 24ರ ಚಿತ್ರವನ್ನು 25ರ ಲೆಕ್ಕಕ್ಕೆ ಓಡಿಸಿಬಿಟ್ಟರೆ ನೂರಕ್ಕೆ ನಾಲ್ಕರಷ್ಟು ವೇಗ ಹೆಚ್ಚುತ್ತದೆ. 150 ನಿಮಿಷದ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಶ್ರುತಿ ಅರ್ಧ ಮನೆಗೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಗೆ) ತುಸು ಕಡಿಮೆ ಏರುತ್ತದೆ. ಮಾತಿನಲ್ಲಿ ಇದು ಗೊತ್ತಾಗುವುದಿಲ್ಲ. ಹಾಡಿಗೆ ಹಾರ್ಮೋನಿಯಂ ಹಿಡಿದರೆ ತಕ್ಷಣ ಗೊತ್ತಾಗುತ್ತದೆ.

ಸರಿಪಡಿಸಲು ವಿಎಲ್‌ಸಿಯಲ್ಲಿ ವೇಗವನ್ನು 0.96ಕ್ಕೆ ಇಳಿಸಿ. ಬಹಳ ಜನ ಇಲ್ಲಿಗೇ ನಿಲ್ಲಿಸಿ, ಶ್ರುತಿ ಇಳಿಯಲೇ ಇಲ್ಲ ಎನ್ನುತ್ತಾರೆ. ವೇಗ ಬದಲಾದರೂ ಶ್ರುತಿ ಕೆಡಬಾರದೆಂದು ವಿಎಲ್‌ಸಿ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ‘ಪ್ರಿಫರೆನ್ಸಸ್’ನ ‘ಆಡಿಯೊ’ ವಿಭಾಗದಲ್ಲಿ ‘ಟೈಮ್ ಸ್ಟ್ರೆಚಿಂಗ್’ ಎಂಬುದರ ಟಿಕ್ ತೆಗೆದು, ವಿಎಲ್‌ಸಿ ಮುಚ್ಚಿ ಮತ್ತೆ ತೆರೆಯಿರಿ. ಈಗ ವೇಗದ ಜೊತೆ ಶ್ರುತಿಯೂ ಇಳಿಯುತ್ತದೆ. ಎಲ್ಲ ಡಿಸ್ಕಿಗೂ ಇದನ್ನು ಮಾಡಬೇಡಿ. ‘ಟೂಲ್ಸ್’ನ ‘ಕೋಡೆಕ್ ಇನ್ಫರ್ಮೇಷನ್’ನಲ್ಲಿ ಫ್ರೇಮ್ ರೇಟ್ 25 ಎಂದಿದ್ದರೆ ಮಾತ್ರ ಅನುಮಾನಿಸಿ, ಮೂಲ ಗ್ರಾಮಫೋನ್ ರೆಕಾರ್ಡಿನ ಶ್ರುತಿಯೊಂದಿಗೆ ಹೋಲಿಸಿ. 29.97 ಅಥವಾ 23.976 ಇದ್ದರೆ ಈ ದೋಷ ಇರುವುದಿಲ್ಲ.

ಸೌಂಡ್‌ಬಾರ್ ಇದ್ದವರಿಗೆ ಇನ್ನೊಂದು ಮಾತು. ಆ ಕಾಲದ ಧ್ವನಿ ಒಂದೇ ಹಳಿಯದು (ಮೊನೊ). ‘ಸರೌಂಡ್’ ಅಥವಾ ‘ಮೂವಿ’ ಮೋಡ್ ಹಾಕಿದರೆ ಮಾತೆಲ್ಲ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ‘ಸ್ಟ್ಯಾಂಡರ್ಡ್’ ಇಡಿ, ಬಾಸ್ ಇಳಿಸಿ, ಸರಸರ ಸದ್ದು ಜಾಸ್ತಿಯಿದ್ದರೆ ಟ್ರೆಬಲ್ ಕೂಡ ಒಂದೆರಡು ಹೆಜ್ಜೆ ಇಳಿಸಿ.

ಮೂರು ವಿಸಿಡಿಯ ಸೆಟ್ ಇದೆ. ಎರಡನೆಯದು ಪ್ರತಿ ವರ್ಷ ಒಂದೇ ಕಡೆ ನಿಲ್ಲುತ್ತದೆ. ಉಳಿಸಿಕೊಳ್ಳುವುದು ಹೇಗೆ?
— ಚಾಮರಾಜಪೇಟೆಯ ಓದುಗರು

ಈ ವರ್ಷ ಅದನ್ನು ಪ್ಲೇಯರ್‌ಗೆ ಹಾಕಲೇಬೇಡಿ, ಮೊದಲು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಎಸ್.ಪಿ. ರಸ್ತೆಯಲ್ಲಿ ಯುಎಸ್‌ಬಿ ಡಿವಿಡಿ ಡ್ರೈವ್ ಸಿಗುತ್ತದೆ, ವಿಸಿಡಿಯನ್ನೂ ಓದುತ್ತದೆ. ಡಿಸ್ಕ್ ತೆರೆದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ದೊಡ್ಡ ‘ಡ್ಯಾಟ್’ ಫೈಲೇ ನಿಮ್ಮ ಚಿತ್ರ. ನಕಲು ಮಾಡಿ ವಿಎಲ್‌ಸಿಯಲ್ಲಿ ತೆರೆದರೆ ನೇರವಾಗಿ ಓಡುತ್ತದೆ.

ನಕಲು ನಡುವೆ ನಿಂತರೆ ಡಿಸ್ಕ್ ಒರೆಸಿ. ಮೆತ್ತನೆ ಬಟ್ಟೆಯಲ್ಲಿ, ನಡುವಿನ ತೂತಿನಿಂದ ಅಂಚಿನ ಕಡೆಗೆ, ನೇರ ಗೆರೆ ಎಳೆದಂತೆ. ಸುತ್ತ ತಿರುಗಿಸಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಸಾಲಿನ ಉದ್ದಕ್ಕೂ ಸಾಗುತ್ತದೆ, ಪ್ಲೇಯರಿಗೆ ಅದನ್ನು ದಾಟಲಾಗುವುದಿಲ್ಲ. ಅಡ್ಡ ಗೀರನ್ನು ದಾಟಿಕೊಳ್ಳುತ್ತದೆ. ಇನ್ನು ಎಲ್ಲರೂ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತಾರೆ. ವಿಸಿಡಿಯಲ್ಲಿ ಮಾಹಿತಿ ಕೂತಿರುವುದು ಚಿತ್ರ ಅಚ್ಚಾದ ಬದಿಯ ಹತ್ತಿರ, ತೆಳು ಅರಗಿನ ಪದರದ ಅಡಿಯಲ್ಲಿ. ಅಲ್ಲಿ ಬಾಲ್‌ಪೆನ್ನಿಂದ ‘ಭಾಗ 2’ ಎಂದು ಬರೆದಿದ್ದರೆ ನಿಲ್ಲುವ ಜಾಗ ಬಹುಶಃ ಅದೇ. ಬೆಳಕಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತಿನಲ್ಲಿ ಬೆಳಕು ತೂರಿ ಬಂದರೆ ಅಲ್ಲಿನ ಚಿತ್ರ ಹೋಯಿತು. ಪಾಲಿಶ್ ಮಾಡಿಸಿ ದುಡ್ಡು ಕಳೆಯಬೇಡಿ.

ಪಾಲ್ ವಿಸಿಡಿಯ ಚಿತ್ರ 352×288 ಚುಕ್ಕೆಗಳದು, ಅಷ್ಟೇ. ದೊಡ್ಡ ಟಿವಿಯಲ್ಲಿ ಮಂಕಾಗಿಯೇ ಕಾಣುತ್ತದೆ, ‘ಶಾರ್ಪ್‌ನೆಸ್’ ಏರಿಸಿದರೆ ಮುಖದ ಸುತ್ತ ಬಿಳಿ ಗೆರೆ ಏಳುತ್ತದೆ. ಇನ್ನೆರಡು ಅಡಿ ಹಿಂದೆ ಕುಳಿತು ನೋಡಿ.

ಟೆರೇಸ್ ಮೇಲೆ ಪ್ರೊಜೆಕ್ಟರ್ ಹಾಕಿ ನೆಂಟರನ್ನೆಲ್ಲ ಕೂರಿಸಬೇಕೆಂದಿದ್ದೇವೆ. ಪರದೆ ಕೊಳ್ಳಲೇಬೇಕೆ?
— ರಾಜಾಜಿನಗರದ ಓದುಗರು

ಬೇಡ. ಆದರೆ ಒಂದೇ ಪದರದ ಬೆಡ್‌ಶೀಟೂ ಬೇಡ, ಅರ್ಧ ಬೆಳಕು ಹಿಂದಕ್ಕೆ ಸೋರಿಹೋಗುತ್ತದೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಯಲ್ಲಿ ಬ್ಲ್ಯಾಕ್‌ಔಟ್ ಪರದೆ ಬಟ್ಟೆ ಕೇಳಿ, ಬಿಳಿಯದು. 100 ಇಂಚಿನ 16:9 ಚಿತ್ರಕ್ಕೆ 221 ಸೆಂಟಿಮೀಟರ್ ಅಗಲ, 125 ಎತ್ತರ ಬೇಕು. ಅದರೊಳಗೆ 4:3 ಚಿತ್ರ ಬರುವುದು 166 ಅಗಲಕ್ಕೆ ಮಾತ್ರ. ಹಳೇ ಚಿತ್ರಕ್ಕಷ್ಟೇ ಆದರೆ ಎರಡು ಮೀಟರ್ ಬಟ್ಟೆ ಸಾಕು. ಮೇಲೆ ಕೆಳಗೆ ಮಡಚಿ ಹೊಲಿಸಿ, ಎರಡಕ್ಕೂ ಪಿವಿಸಿ ಪೈಪ್ ತೂರಿಸಿ. ಕೆಳಗಿನ ಪೈಪಿಗೆ ಮರಳು ತುಂಬಿದರೆ ಗಾಳಿಗೆ ಪಟಪಟ ಹೊಡೆದುಕೊಳ್ಳುವುದಿಲ್ಲ.

ಪ್ರೊಜೆಕ್ಟರ್ ಎಷ್ಟು ದೂರ ಎಂಬುದಕ್ಕೆ ಅದರ ಪುಸ್ತಕದಲ್ಲಿ ‘ಥ್ರೋ ರೇಶಿಯೊ’ ನೋಡಿ, ಪೂರ್ತಿ ಅಗಲದಿಂದ ಗುಣಿಸಿ. 1.2 ಇದ್ದರೆ 2.65 ಮೀಟರ್. ಕೆಳಗಿಟ್ಟು ಮೇಲಕ್ಕೆ ವಾಲಿಸಿ ‘ಕೀಸ್ಟೋನ್’ನಲ್ಲಿ ನೇರ ಮಾಡುವುದಕ್ಕಿಂತ, ಸ್ಟೂಲ್ ಮೇಲೆ ಪರದೆಗೆ ಎದುರಾಗಿ ಇಡುವುದೇ ಮೇಲು; ಕೀಸ್ಟೋನ್ ಮಾಡಿದಷ್ಟೂ ಸ್ಪಷ್ಟತೆ ಹೋಗುತ್ತದೆ. ಬಾಡಿಗೆಗೆ ತರುವಾಗ ‘ಆನ್ಸಿ ಲ್ಯೂಮೆನ್’ (ಗೊತ್ತಾದ ಮಾನದಂಡದಲ್ಲಿ ಅಳೆದ ಬೆಳಕು) ಎಷ್ಟು ಎಂದೇ ಕೇಳಿ. ಆನ್ಸಿ ಎನ್ನದೆ 9000 ಲ್ಯೂಮೆನ್ ಎಂದು ಡಬ್ಬದ ಮೇಲೆ ಬರೆದಿದ್ದರೆ ಅದಕ್ಕೆ ಬೆಲೆಯಿಲ್ಲ. ಪೂರ್ತಿ ಕತ್ತಲಿದ್ದರೆ 400 ಆನ್ಸಿ ನಡೆಯುತ್ತದೆ, ಬೀದಿದೀಪ ನೇರ ಬೀಳುವ ಕಡೆ ಸಾವಿರವೂ ಸಾಲದು. ಬಹುಳ ಚತುರ್ದಶಿಯಾದ್ದರಿಂದ ಚಂದ್ರ ಬರುವುದು ಬೆಳಗಿನ ಜಾವಕ್ಕೆ, ಅವನ ಕಾಟವಂತೂ ಇಲ್ಲ.

ಬ್ಲೂಟೂತ್ ಸ್ಪೀಕರ್ ಬಳಸಿದರೆ ತುಟಿ ಮೊದಲು, ಮಾತು ಆಮೇಲೆ. ಆಕ್ಸ್ ವೈರ್ ಎಳೆಯಿರಿ. ವೈರ್ ಇಲ್ಲವೆಂದಾದರೆ ವಿಎಲ್‌ಸಿಯಲ್ಲಿ ‘ಜೆ’ ಕೀಲಿ ಒತ್ತುತ್ತಾ ಹೋಗಿ; ಒಂದೊಂದು ಸಲಕ್ಕೂ ಧ್ವನಿ 50 ಮಿಲಿಸೆಕೆಂಡ್ ಮುಂದೆ ಬರುತ್ತದೆ, ಮೂರು ನಾಲ್ಕು ಸಲಕ್ಕೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಮೊಬೈಲ್‌ನ ಒಟಿಟಿ ಆ್ಯಪ್‌ನಿಂದ ಹಾಕಿದಾಗ ಧ್ವನಿ ಬಂದು ಪರದೆ ಕಪ್ಪಾಗಿದ್ದರೆ ಪ್ರೊಜೆಕ್ಟರ್ ಕೆಟ್ಟಿಲ್ಲ. ನಕಲು ತಡೆಯುವ ಬೀಗ ಅದು. ಅಧಿಕೃತ ಸ್ಟ್ರೀಮಿಂಗ್ ಸ್ಟಿಕ್ ಅನ್ನು ಎಚ್‌ಡಿಎಂಐಗೆ ಚುಚ್ಚಿದರೆ ಸಾಮಾನ್ಯವಾಗಿ ಬಿಡಿಸಿಕೊಳ್ಳುತ್ತದೆ. ಇದನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ತಡೆಯುತ್ತದೆ?
— ವಿಜಯನಗರದ ಓದುಗರು

150 ಎಎಚ್ ಬ್ಯಾಟರಿಯಲ್ಲಿ ಕೈಗೆ ಸಿಗುವುದು ಸುಮಾರು 1000 ವ್ಯಾಟ್-ಅವರ್. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಸೇರಿ 190 ವ್ಯಾಟ್ ಎಂದರೆ ಐದು ಗಂಟೆ. ಬ್ಯಾಟರಿಗೆ ಮೂರು ನಾಲ್ಕು ವರ್ಷವಾಗಿದ್ದರೆ ಅದರರ್ಧ ಎಂದುಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರಬಹುದು.

ನಮ್ಮ ಅಪಾರ್ಟ್‌ಮೆಂಟಿನಲ್ಲಿ 80 ಮನೆ. ಎಲ್ಲರಿಗೂ ಸೇರಿ ತೋರಿಸಬಹುದೆ?
— ಬನಶಂಕರಿಯ ಸಂಘವೊಂದರ ಕಾರ್ಯದರ್ಶಿ

ಎರಡು ಕಾನೂನು ನೋಡಿಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಚಲನಚಿತ್ರದ ಹಕ್ಕು, ಬಿಡುಗಡೆಯಾದ ಮುಂದಿನ ಜನವರಿಯಿಂದ 60 ವರ್ಷ. ಆ ಲೆಕ್ಕದಲ್ಲಿ 1954ರ ಚಿತ್ರದ ಅವಧಿ 2014ರ ಕೊನೆಗೇ ಮುಗಿದಿದೆ. 1988ರ ಚಿತ್ರಕ್ಕೆ 2048ರ ಕೊನೆಯವರೆಗೂ ಹಕ್ಕುದಾರರ ಅನುಮತಿ ಬೇಕು. ಟಿಕೆಟ್ ಇಲ್ಲ ಎಂಬುದು ಸಬೂಬಾಗದು. ಒಟಿಟಿ ಚಂದಾ ಇರುವುದು ಮನೆಯ ಮಟ್ಟದ ಬಳಕೆಗೆ, ಅದರಿಂದ 80 ಮನೆಗೆ ತೋರಿಸುವಂತಿಲ್ಲ. ಹಳೆಯ ಚಿತ್ರವನ್ನೂ ನಿಮ್ಮದೇ ಡಿಸ್ಕಿನಿಂದ ಹಾಕಿ.

ಇನ್ನೊಂದು 2000ದ ಶಬ್ದಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗೆಂದು ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು. ಶಿವರಾತ್ರಿ ಆ ಪಟ್ಟಿಯಲ್ಲಿದೆಯೇ ಎಂದು ಠಾಣೆಯಲ್ಲಿ ಕೇಳಿ. ಇಲ್ಲದಿದ್ದರೆ 10ಕ್ಕೆ ಕ್ಲಬ್‌ಹೌಸ್ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ.

ರಾತ್ರಿಯಿಡೀ ಮೂರ್ನಾಲ್ಕು ಚಿತ್ರ ಹಾಕುತ್ತೇವೆ. ಕಣ್ಣಪ್ಪನನ್ನು ಯಾವಾಗ ಹಾಕುವುದು?
— ಗಿರಿನಗರದ ಓದುಗರು

ಯಾಮದ ಲೆಕ್ಕವನ್ನೇ ಹಿಡಿಯಿರಿ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಸೂರ್ಯ ಮುಳುಗುವುದು ಸುಮಾರು 6:30ಕ್ಕೆ; ಯಾಮಕ್ಕೆ ಮೂರು ಗಂಟೆಯಂತೆ 9:30, 12:30, 3:30ಕ್ಕೆ ಪೂಜೆ ಬರುತ್ತದೆ. ಎರಡೂವರೆ ಗಂಟೆಯ ಚಿತ್ರವಾದರೆ ನಡುವೆ ಅರ್ಧ ಗಂಟೆ ಉಳಿಯುತ್ತದೆ, ಪೂಜೆಗೂ ಕಾಫಿಗೂ ಆಗುತ್ತದೆ.

ಕಣ್ಣಪ್ಪನನ್ನು ನಡುರಾತ್ರಿಗೆ ಇಟ್ಟುಕೊಳ್ಳುವುದು ಬಹುತೇಕ ಮನೆಗಳ ತಪ್ಪು. ಪ್ರತಿ ಮಾತೂ ಬಾಯಿಪಾಠವಾದ ಚಿತ್ರ ಎರಡು ಗಂಟೆಯ ನಿದ್ದೆಗೆ ಜೋಗುಳವಾಗುತ್ತದೆ. ಕಣ್ಣು ಕೀಳುವ ದೃಶ್ಯ ಇರುವುದೂ ಕೊನೆಯಲ್ಲಿ, ಅಷ್ಟರಲ್ಲಿ ಮಕ್ಕಳು ಚಾಪೆಯ ಮೇಲೆ ಉರುಳಿರುತ್ತಾರೆ. ಅದನ್ನು ಮೊದಲ ಯಾಮಕ್ಕೇ ಹಾಕಿ. ಟೆರೇಸ್ ಆದರೆ ಕತ್ತಲಾಗಲು ಸಂಜೆ 7 ಗಂಟೆಯಾಗಬೇಕು. 7ಕ್ಕೆ ಹಾಕಿದರೆ 10ರ ಒಳಗೆ ಮುಗಿಯುತ್ತದೆ. ಮೂರನೇ ಯಾಮಕ್ಕೆ ಯಾರೂ ನೋಡಿರದ ಚಿತ್ರ, ಕೊನೆಯದಕ್ಕೆ ಹಾಡು ಹೆಚ್ಚಿರುವುದು. ಜೊತೆಗೆ ಹಾಡುವವರು ತೂಕಡಿಸುವುದು ಕಡಿಮೆ.

ಒಳಗೆ ಟಿವಿಯಲ್ಲಿ ನೋಡುವವರು ಸಂಜೆಯೇ ಸೆಟ್ಟಿಂಗ್ಸ್‌ನಲ್ಲಿ ‘ಆಟೊ ಪವರ್ ಆಫ್’ ತೆಗೆದಿಡಿ. ನಾಲ್ಕು ಗಂಟೆ ಯಾರೂ ರಿಮೋಟ್ ಮುಟ್ಟದಿದ್ದರೆ ಕೆಲವು ಟಿವಿಗಳು ತಾವೇ ಆರಿಹೋಗುತ್ತವೆ. ಜಾಗರಣೆಯಲ್ಲಿ ಎಲ್ಲರಿಗಿಂತ ಮೊದಲು ಮಲಗುವುದು ಅದೇ.