ಬರ್ಲಿನ್‌ನವರ ಗಂಟೆ ದರವನ್ನು ಅರ್ಧ ಮಾಡಿದರೆ ಅದು ನಿಮ್ಮ ದರ ಆಗಲ್ಲ

ಬರ್ಲಿನ್‌ನ ಫ್ರೀಲಾನ್ಸ್ ಗ್ರಾಫಿಕ್ ಡಿಸೈನರ್ ಒಬ್ಬರ ಗಂಟೆ ದರ ನೋಡಿ ಅದನ್ನು ಅರ್ಧ ಮಾಡಿ ಪ್ರೊಫೈಲ್‌ಗೆ ಹಾಕಿದ್ದೀರಿ. ಕೆಲಸ ಬರಲಿಲ್ಲ. ಈಗ ಕಾಲು ಭಾಗಕ್ಕೆ ಇಳಿಸಲೇ ಅಂತ ಕೇಳುತ್ತಿದ್ದೀರಿ. ಇಳಿಸಬೇಡಿ. ಮೇಲಿನ ಕಾಮೆಂಟುಗಳಲ್ಲಿ ಕೆಲವರು "ಮೊದಲು ರಿವ್ಯೂ ಬರಲಿ, ದರ ಆಮೇಲೆ ಏರಿಸಿದರಾಯಿತು" ಅಂದಿದ್ದಾರೆ. ಅದನ್ನೂ ಕೇಳಬೇಡಿ. ಕಡಿಮೆ ದರಕ್ಕೆ ಬಂದ ಗಿರಾಕಿ ದರ ಏರಿಸಿದ ದಿನವೇ ಹೊರಟುಹೋಗುತ್ತಾನೆ, ಅವನು ಪರಿಚಯ ಮಾಡಿಕೊಟ್ಟವರೂ ಅದೇ ಕಡಿಮೆ ದರ ಕೇಳಿಕೊಂಡೇ ಬರುತ್ತಾರೆ. ಡಿಸೈನರುಗಳ ಈ ಗುಂಪಿನಲ್ಲಿ ತಿಂಗಳಿಗೊಬ್ಬರಾದರೂ ಇದೇ ತಪ್ಪು ಮಾಡುವುದನ್ನು ನೋಡಿ ಸುಮ್ಮನಿರಲು ಆಗದೆ ಬರೆಯುತ್ತಿದ್ದೇನೆ.

ಆ ಬರ್ಲಿನ್‌ನವರ ಅಂಕಿಯೊಳಗೆ ಏನೇನು ಇದೆ, ಏನೇನು ಇಲ್ಲ ನೋಡಿ. ಜರ್ಮನಿಯಲ್ಲಿ ಸ್ವತಂತ್ರವಾಗಿ ದುಡಿಯುವ ಕಲಾವಿದರಿಗೆ ಕ್ಯೂನ್ಸ್ಟ್ಲರ್‌ಸೋಝಿಯಾಲ್‌ಕಾಸ್ಸೆ ಅನ್ನುವ ಸಾಮಾಜಿಕ ವಿಮೆ ವ್ಯವಸ್ಥೆ ಇದೆ, 1983ರಿಂದ ಜಾರಿಯಲ್ಲಿದೆ, ಗ್ರಾಫಿಕ್ ಡಿಸೈನರುಗಳೂ ಅದರಲ್ಲಿ ಸೇರಬಹುದು. ಆರೋಗ್ಯ ವಿಮೆ, ಪಿಂಚಣಿ ಕಂತಿನ ಅರ್ಧವನ್ನಷ್ಟೇ ಡಿಸೈನರ್ ಕಟ್ಟುತ್ತಾರೆ. ಉಳಿದ ಅರ್ಧದಲ್ಲಿ, ಒಟ್ಟು ಕಂತಿನ 30% ಕೆಲಸ ಕೊಡುವ ಕಂಪನಿಗಳಿಂದ ಬರುತ್ತದೆ, 20% ಸರ್ಕಾರದಿಂದ. ಅಂದರೆ ಅವರ ಗಂಟೆ ದರದಲ್ಲಿ ಮುಪ್ಪಿನ ಖರ್ಚು ಅರ್ಧದಷ್ಟೇ ಸೇರಿದೆ. ಇನ್ನೊಂದು ಮುಖ್ಯ ವಿಷಯ, ಅಲ್ಲಿ ಹಕ್ಕುಸ್ವಾಮ್ಯವನ್ನು ಮಾರಲು ಕಾನೂನೇ ಬಿಡುವುದಿಲ್ಲ, ಬಳಕೆಯ ಹಕ್ಕನ್ನು ಮಾತ್ರ ಕೊಡಬಹುದು. ಹಾಗಾಗಿ ಅನುಭವಸ್ಥರ ಕೊಟೇಶನ್‌ನಲ್ಲಿ ವಿನ್ಯಾಸದ ಗಂಟೆಗಳಿಗೆ ಒಂದು ಮೊತ್ತ, ಬಳಕೆಗೆ ಬೇರೆ ಮೊತ್ತ ಇರುತ್ತದೆ. ಎಷ್ಟು ವರ್ಷ, ಯಾವ ದೇಶದಲ್ಲಿ, ಎಷ್ಟು ಮಾಧ್ಯಮದಲ್ಲಿ ಅನ್ನುವುದರ ಮೇಲೆ ಆ ಎರಡನೇ ಮೊತ್ತ ಬೆಳೆಯುತ್ತದೆ. ನೀವು ನೋಡಿದ್ದು ಮೊದಲನೆಯದನ್ನು ಮಾತ್ರ. ಅದನ್ನೇ ಅರ್ಧ ಮಾಡಿ, ಸೋರ್ಸ್ ಫೈಲ್ (ತಿದ್ದಬಹುದಾದ ಮೂಲ ಫೈಲ್) ಸಮೇತ ಎಲ್ಲ ಹಕ್ಕೂ ಕೊಡುತ್ತೇನೆ ಅಂತ ಬರೆದಿದ್ದೀರಿ. ಹೀಗೆ ಮಾಡಬಾರದು!

ಅಮೆರಿಕದ ದರ ನೋಡಿ ಹಾಕಿಕೊಳ್ಳುವವರದೂ ಇದೇ ಕಥೆ, ತಲೆಕೆಳಗಾಗಿ ಅಷ್ಟೇ. ಅಲ್ಲಿ ಸ್ವಂತವಾಗಿ ದುಡಿಯುವವರು ಆದಾಯ ತೆರಿಗೆಯಲ್ಲದೆ 15.3% ಸ್ವಯಂ ಉದ್ಯೋಗ ತೆರಿಗೆ ಕಟ್ಟಬೇಕು. ನೌಕರಿಯಲ್ಲಿದ್ದರೆ ಅದರ ಅರ್ಧವನ್ನು ಮಾಲೀಕ ಕಟ್ಟುತ್ತಾನೆ. ದುಡಿಯುವ ವಯಸ್ಸಿನ ಬಹುಪಾಲು ಜನರ ಆರೋಗ್ಯ ವಿಮೆ ನೌಕರಿಗೇ ಅಂಟಿಕೊಂಡಿದೆ, ಬಿಟ್ಟು ಬಂದರೆ ಕೈಯಿಂದ ಕಟ್ಟಬೇಕು. ಕಾಲೇಜು ಸಾಲ ಬೇರೆ. ಆ ದೊಡ್ಡ ಅಂಕಿ ಇದನ್ನೆಲ್ಲ ಹೊತ್ತುಕೊಂಡಿದೆ, ಕೈಚಳಕಕ್ಕೆ ಕೊಟ್ಟ ಬೆಲೆ ಅದರಲ್ಲಿ ಒಂದು ಪಾಲು ಮಾತ್ರ. ಒಂದೇ ಗುಣಮಟ್ಟದ ಲೋಗೋಗೆ ಎರಡು ಊರಲ್ಲಿ ಹತ್ತು ಪಟ್ಟು ವ್ಯತ್ಯಾಸ ಇದ್ದರೆ ಅದಕ್ಕೆ ಬಾಡಿಗೆ, ವಿಮೆ, ಕಾನೂನು ಮತ್ತು ಗಿರಾಕಿಯ ವ್ಯಾಪಾರದ ಗಾತ್ರ ಕಾರಣ. ನೀವು ಅವರಿಗಿಂತ ಹತ್ತು ಪಟ್ಟು ಕಡಿಮೆ ಅಂತಲ್ಲ, ದಯವಿಟ್ಟು ಆ ಕೀಳರಿಮೆ ಬಿಡಿ.

ಹಾಗಾದರೆ ದರ ಕಟ್ಟುವುದು ಹೇಗೆ? ತಳದಿಂದ. ಯಾವ ದೇಶದಲ್ಲಿ ಕೂತು ಮಾಡಿದರೂ ಲೆಕ್ಕ ಒಂದೇ. ವರ್ಷಕ್ಕೆ 52 ವಾರ. ರಜೆಗೆ 2, ಕಾಯಿಲೆ ಮತ್ತು ಮನೆ ಕೆಲಸಕ್ಕೆ 2, ಕೆಲಸವೇ ಬಾರದ ದಿನಗಳಿಗೆ 2 ಕಳೆಯಿರಿ, 46 ಉಳಿಯಿತು. ವಾರಕ್ಕೆ 40 ಗಂಟೆ ಅಂದರೆ 1,840. ಅದಷ್ಟಕ್ಕೂ ಬಿಲ್ ಮಾಡಲು ಆಗುತ್ತದೆಯೇ? ಇಲ್ಲ. ಮೇಲ್, ಕೊಟೇಶನ್, ಹಣ ಬಾಕಿ ಕೇಳುವುದು, ಫೈಲ್ ಜೋಡಿಸುವುದು, ಕಲಿಯುವುದು ಎಲ್ಲ ಕಳೆದರೆ 55% ಸಿಕ್ಕರೆ ಪುಣ್ಯ. ಸುಮಾರು 1,000 ಗಂಟೆ. ಎಲ್ಲರೂ ಜಾರುವುದು ಇಲ್ಲೇ: 52ನ್ನು 40ರಿಂದ ಗುಣಿಸಿ ಬಂದ 2,080ರಿಂದ ಭಾಗಿಸಿಬಿಡುತ್ತಾರೆ. ಬರುವ ದರ ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಮೊದಲ ವರ್ಷ ಉಳಿತಾಯ ಕರಗುತ್ತದೆ, ಎರಡನೇ ವರ್ಷ ಸಾಲ, ಆಮೇಲೆ "ಈ ಫೀಲ್ಡ್‌ನಲ್ಲಿ ದುಡ್ಡಿಲ್ಲ" ಅಂತ ಬಿಟ್ಟುಹೋಗುತ್ತಾರೆ.

ಇನ್ನು ಆ ಗಂಟೆಗಳಿಂದ ಭಾಗಿಸಬೇಕಾದ ಮೊತ್ತ. ವರ್ಷದ ಮನೆ ಖರ್ಚು 100 ಪಾಲು ಅಂದುಕೊಳ್ಳಿ. ಕಂಪ್ಯೂಟರ್ ಸವಕಳಿ, ಸಾಫ್ಟ್‌ವೇರ್, ಫಾಂಟ್, ಇಂಟರ್ನೆಟ್, ಕರೆಂಟ್ ಹೋದಾಗಿನ ವ್ಯವಸ್ಥೆಗೆ 15. ವಿಮೆ ಮತ್ತು ಮುಪ್ಪಿಗೆ 20, ಇದನ್ನು ಬಿಡುವವರೇ ಹೆಚ್ಚು. ಬಾರದ ಬಾಕಿ ಮತ್ತು ಖಾಲಿ ತಿಂಗಳುಗಳಿಗೆ 15. ಒಟ್ಟು 150. ತೆರಿಗೆ ಸರಾಸರಿ 15% ಬೀಳುತ್ತದೆ ಅಂದರೆ 150ಕ್ಕೆ 15% ಕೂಡಿಸಬೇಡಿ, 0.85ರಿಂದ ಭಾಗಿಸಿ. 172.5 ಅಲ್ಲ, 176.5 ಬರಬೇಕು. ಇದನ್ನು 1,000 ಗಂಟೆಯಿಂದ ಭಾಗಿಸಿದರೆ ಒಂದು ಗಂಟೆಗೆ ನಿಮ್ಮ ತಿಂಗಳ ಮನೆ ಖರ್ಚಿನ 2.1% ಆಸುಪಾಸು ಬರುತ್ತದೆ. ನೇಪಾಳ ಇರಲಿ ನಾರ್ವೆ ಇರಲಿ, ಯಾವ ಕರೆನ್ಸಿಯಾದರೂ ಸರಿ, ನೆಲಮಟ್ಟ, ಅಂದರೆ ಇದಕ್ಕಿಂತ ಕೆಳಗೆ ಇಳಿಯಬಾರದ ದರ, ಅದೇ. ತೆರಿಗೆ, ವಿಮೆ ಪಾಲು ನಿಮ್ಮಲ್ಲಿ ಬೇರೆ ಇದ್ದರೆ ಅಂಕಿ ಬದಲಿಸಿ ಮತ್ತೆ ಮಾಡಿ. ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದ್ದರೂ, ಅಪ್ಪನ ಮನೆಯಲ್ಲಿ ಬಾಡಿಗೆ ಇಲ್ಲದೆ ಇದ್ದರೂ ಬಾಡಿಗೆಯನ್ನು ಲೆಕ್ಕದಲ್ಲಿ ಬಿಡಬೇಡಿ. ಆ ಆಸರೆ ಇಲ್ಲದವರು ಇದೇ ಮಾರುಕಟ್ಟೆಯಲ್ಲಿ ನಿಮ್ಮ ದರದ ಎದುರು ನಿಲ್ಲಬೇಕು, ನಿಮಗೂ ಆ ಆಸರೆ ಕೊನೆವರೆಗೂ ಇರುವುದಿಲ್ಲ.

ಫ್ರೀಲಾನ್ಸ್ ಕೆಲಸ ಕೊಡಿಸುವ ಆನ್‌ಲೈನ್ ಪ್ಲಾಟ್‌ಫಾರ್ಮ್ ಮೂಲಕ ಹೋಗುವುದಾದರೆ ಮತ್ತೆ ಅದೇ ಭಾಗಾಕಾರ. ಫೈವರ್ 20% ಹಿಡಿಯುತ್ತದೆ. 100 ಕೈಗೆ ಬರಬೇಕಾದರೆ ಹಾಕಬೇಕಾದ್ದು 125, 120 ಅಲ್ಲ. ಕರೆನ್ಸಿ ಬದಲಾವಣೆಯಲ್ಲಿ ಇನ್ನೊಂದು 3% ಹೋದರೆ 129. ಬ್ಯಾಂಕ್ ತೋರಿಸುವ ಶುಲ್ಕ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ, ವಿನಿಮಯ ದರದಲ್ಲೇ ಅವರು ಕಡಿತ ಮಾಡಿರುತ್ತಾರೆ, ಆ ದಿನದ ಮಾರುಕಟ್ಟೆ ದರದ ಜೊತೆ ಹೋಲಿಸಿ. ಕೆಲವು ದೇಶಗಳಲ್ಲಿ ಪೇಪಾಲ್‌ಗೆ ಹಣ ಸ್ವೀಕರಿಸಲೇ ಆಗುವುದಿಲ್ಲ, ಪಾಕಿಸ್ತಾನ, ಬಾಂಗ್ಲಾದೇಶದ ಡಿಸೈನರುಗಳು ಮೊದಲಿನಿಂದಲೂ ಈ ಕಷ್ಟದಲ್ಲೇ ದುಡಿಯುತ್ತಿದ್ದಾರೆ. ಕೆಲಸ ಒಪ್ಪುವ ಮೊದಲು ಹಣ ಬರುವ ದಾರಿ ನೋಡಿಕೊಳ್ಳಿ. ನಿಮ್ಮ ದೇಶದ ಕರೆನ್ಸಿ ಬೇಗ ಕುಸಿಯುವಂಥದ್ದಾದರೆ ಕೊಟೇಶನ್‌ಗೆ 15 ದಿನದ ಅವಧಿ ಹಾಕಿ, 50% ಮುಂಗಡ ತೆಗೆದುಕೊಳ್ಳಿ. ಸ್ಪರ್ಧೆಯ ಹೆಸರಲ್ಲಿ ಪುಕ್ಕಟೆ ಲೋಗೋ ಮಾಡಿಸಿಕೊಳ್ಳುವ ಜಾಗಗಳಿಗೆ ಹೋಗಲೇಬೇಡಿ. ನೂರು ಜನ ದುಡಿದು ಒಬ್ಬರಿಗೆ ಹಣ ಸಿಗುವ ಪದ್ಧತಿ ಅದು.

ಇಷ್ಟು ಮಾಡಿದರೂ ನೆಲಮಟ್ಟದ ದರಕ್ಕೆ ಗಿರಾಕಿ ಸಿಗಲಿಲ್ಲ ಅಂದರೆ? ಆಗ ನೋಡಬೇಕಾದ್ದು ನಿಮ್ಮ ಸುತ್ತ ಯಾರ ಹಣದಿಂದ ಡಿಸೈನ್ ನಡೆಯುತ್ತಿದೆ ಅನ್ನುವುದನ್ನು. ದೊಡ್ಡ ಕಂಪನಿಗಳ ಕೇಂದ್ರ ಕಚೇರಿ, ಜಾಹೀರಾತು ಏಜೆನ್ಸಿ ಇರುವ ನಗರದಲ್ಲಿ ಪ್ಯಾಕೇಜಿಂಗ್ ಮಾತ್ರ, ಟೈಪ್ (ಅಕ್ಷರ ವಿನ್ಯಾಸ) ಮಾತ್ರ, ಮೋಷನ್ (ಚಲಿಸುವ ಗ್ರಾಫಿಕ್ಸ್) ಮಾತ್ರ ಮಾಡಿ ಬದುಕಬಹುದು. ಸಣ್ಣ ವ್ಯಾಪಾರಿಗಳೇ ಇರುವ ಕಡೆ ಲೋಗೋದಿಂದ ಬೋರ್ಡ್‌ವರೆಗೆ, ಪ್ರೆಸ್‌ಗೆ ಹೋಗಿ ಪ್ರೂಫ್ ನೋಡುವವರೆಗೆ ಎಲ್ಲ ಮಾಡುವವರಿಗೇ ಕೆಲಸ. ಅಂಥ ಊರಲ್ಲಿ ಕೂತು ಲಂಡನ್‌ನವರ ಥರ ಒಂದೇ ವಿಷಯದ ಪೋರ್ಟ್‌ಫೋಲಿಯೋ (ಮಾಡಿದ ಕೆಲಸಗಳ ಸಂಗ್ರಹ) ಮಾಡಿದರೆ ಸ್ಥಳೀಯ ಗಿರಾಕಿಗೆ ಅರ್ಥವಾಗಲ್ಲ. ಹೊರದೇಶದ ಗಿರಾಕಿಗೆ ಎಲ್ಲ ಕಲಸಿದ ಪೋರ್ಟ್‌ಫೋಲಿಯೋ ಕಳಿಸಿದರೆ ಅವರು ನಂಬಲ್ಲ. ಎರಡು ಬೇರೆ ಬೇರೆ ಪಿಡಿಎಫ್ ಇಟ್ಟುಕೊಳ್ಳಿ, ತಲಾ 8ರಿಂದ 10 ಕೆಲಸ ಸಾಕು.

ಹಣ ಕೊಡುವವರು ಬದಲಾದರೆ ಕಸುಬೇ ಬದಲಾಗುತ್ತದೆ. ಪೋಲೆಂಡ್‌ನಲ್ಲಿ ಎರಡನೇ ಮಹಾಯುದ್ಧದ ನಂತರ ಸಿನಿಮಾ, ನಾಟಕದ ಪೋಸ್ಟರುಗಳನ್ನು ಸರ್ಕಾರಿ ಸಂಸ್ಥೆಗಳೇ ಮಾಡಿಸುತ್ತಿದ್ದವು. ಟಿಕೆಟ್ ಮಾರಾಟದ ಒತ್ತಡ ಇಲ್ಲದ್ದರಿಂದ ಚಿತ್ರಕಾರರು ಕೈಯಲ್ಲಿ ಬರೆದ, ಧೈರ್ಯದ ಪೋಸ್ಟರ್ ಮಾಡಿದರು, ಜಗತ್ತೇ ತಿರುಗಿ ನೋಡಿತು. 1989ರ ನಂತರ ಮಾರುಕಟ್ಟೆ ಬಂತು, ವಿತರಕರ ರೆಡಿಮೇಡ್ ಪೋಸ್ಟರ್ ಬಂತು, ಆ ಕೆಲಸ ಬಹುಪಾಲು ನಿಂತಿತು. ಕ್ಯೂಬಾದ ಸಿನಿಮಾ ಸಂಸ್ಥೆ ಐಸಿಎಐಸಿ 1959ರಲ್ಲಿ ಶುರುವಾಯಿತು. ಕಾಗದ, ಶಾಯಿ ಎರಡಕ್ಕೂ ಕೊರತೆ ಇದ್ದ ದೇಶದಲ್ಲಿ ಅದರ ಪೋಸ್ಟರುಗಳು ಸ್ಕ್ರೀನ್ ಪ್ರಿಂಟ್‌ನಲ್ಲಿ, ಕೆಲವೇ ಸಪಾಟು ಬಣ್ಣಗಳಲ್ಲಿ ಬಂದವು. ಅವುಗಳ ಗುರುತೇ ಅದಾಯಿತು. ನಿಮ್ಮ ಊರಲ್ಲೂ ಎರಡು ಬಣ್ಣದ ಸ್ಕ್ರೀನ್ ಪ್ರಿಂಟ್ ಮಾತ್ರ ಅಗ್ಗವಾಗಿ ಆಗುತ್ತದೆ ಅಂದರೆ ಎರಡು ಬಣ್ಣದಲ್ಲಿ ನಿಲ್ಲುವ ವಿನ್ಯಾಸ ಮಾಡುವುದನ್ನು ಕಲಿಯಿರಿ. ಗ್ರೇಡಿಯಂಟ್ (ಒಂದರಿಂದ ಇನ್ನೊಂದಕ್ಕೆ ಕರಗುವ ಬಣ್ಣ) ಹಾಕಿ ಆಮೇಲೆ ಪ್ರೆಸ್‌ನವರನ್ನು ಬೈಯಬೇಡಿ.

ಪುಕ್ಕಟೆ ಇಂಟರ್ನ್‌ಶಿಪ್‌ಗೆ ಸೇರಲೇ ಅಂತ ಒಬ್ಬರು ಮೇಲೆ ಕೇಳಿದ್ದರು. ಸಂಬಳ ಇಲ್ಲದೆ ಆರು ತಿಂಗಳು ದೊಡ್ಡ ನಗರದಲ್ಲಿ ಇರಲು ಯಾರ ಕೈಲಾಗುತ್ತದೆ? ಮನೆಯಿಂದ ಹಣ ಬರುವವರಿಗೆ ಮಾತ್ರ. ಹಾಗಾಗಿ ದೊಡ್ಡ ಸ್ಟುಡಿಯೋಗಳೊಳಗೆ ಕೂತವರು ಎಲ್ಲ ದೇಶದಲ್ಲೂ ಒಂದೇ ವರ್ಗದವರಂತೆ ಕಾಣುತ್ತಾರೆ. ಆ ದಾರಿ ಇಲ್ಲದಿದ್ದರೆ ಪ್ರೆಸ್‌ನ ಪ್ರಿಪ್ರೆಸ್ (ಮುದ್ರಣಕ್ಕೆ ಮೊದಲು ಫೈಲ್ ಸಿದ್ಧಪಡಿಸುವ) ವಿಭಾಗದಲ್ಲಿ ಸಂಬಳಕ್ಕೆ ಸೇರಿ. ಟ್ರ್ಯಾಪಿಂಗ್ (ಬಣ್ಣಗಳ ನಡುವೆ ಬಿರುಕು ಕಾಣದಂತೆ ಅಂಚು ಹೊಂದಿಸುವುದು), ಓವರ್‌ಪ್ರಿಂಟ್ (ಒಂದು ಬಣ್ಣದ ಮೇಲೆ ಇನ್ನೊಂದು ಮುದ್ರಿಸುವುದು), ಇಂಪೊಸಿಷನ್ (ಹಾಳೆಯ ಮೇಲೆ ಪುಟ ಜೋಡಿಸುವುದು) ಒಂದು ವರ್ಷದಲ್ಲಿ ಕೈಗೆ ಬರುತ್ತದೆ, ಅದನ್ನು ಯಾವ ಇಂಟರ್ನ್‌ಶಿಪ್ಪೂ ಕಲಿಸಲ್ಲ. ಮಕ್ಕಳು, ವಯಸ್ಸಾದವರ ಆರೈಕೆ ಹೊತ್ತ ಹೆಣ್ಣುಮಕ್ಕಳಿಗೆ ಮೇಲಿನ 1,000 ಗಂಟೆ 600ಕ್ಕೆ ಇಳಿಯಬಹುದು. ಆಗ ಗಂಟೆ ದರ ಬಿಟ್ಟು ಕೆಲಸಕ್ಕೆ ಇಷ್ಟು ಅಂತ ಮಾತಾಡಿ. ವೇಗವಾಗಿ ಮಾಡುವವರಿಗೆ ಗಂಟೆ ದರ ಶಿಕ್ಷೆ.

ಬಾಕಿ ವಸೂಲಿಗೆ ಕಾನೂನು ಇದೆ, ಬಿಲ್ಲಿನ ಕೆಳಗೆ ಒಂದು ಸಾಲು ಬರೆದರೆ ಅರ್ಧ ಕೆಲಸ ಆದಂತೆ. ಬ್ರಿಟನ್‌ನಲ್ಲಿ 1998ರ ಕಾಯ್ದೆ ಪ್ರಕಾರ ವ್ಯಾಪಾರಿ ಬಾಕಿ ತಡವಾದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮೂಲ ದರದ ಮೇಲೆ 8% ಬಡ್ಡಿ ಕೇಳಬಹುದು. ಜಪಾನ್‌ನಲ್ಲಿ 2024ರ ನವೆಂಬರ್‌ನಿಂದ ಫ್ರೀಲಾನ್ಸರಿಗೆ 60 ದಿನದೊಳಗೆ ಕೊಡಬೇಕು. ಭಾರತದಲ್ಲಿ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿ ಮಾಡಿಸಿದ ಸಣ್ಣ ಘಟಕಕ್ಕೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಗರಿಷ್ಠ 45 ದಿನ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, 2006ರ ಎಂಎಸ್ಎಂಇ ಕಾಯ್ದೆ. ನೋಂದಣಿ ಕೆಲಸಕ್ಕೆ ಮೊದಲೇ ಇರಲಿ. ಹಕ್ಕು ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ ಭಾರತದ ಕಾನೂನಿನಲ್ಲಿ 5 ವರ್ಷ ಅಂತಲೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತಲೂ ಲೆಕ್ಕ. ಗಿರಾಕಿಗೆ ಇದು ಗೊತ್ತಿರುವುದಿಲ್ಲ, ನೀವೇ ಸ್ಪಷ್ಟವಾಗಿ ಬರೆದು ಅದಕ್ಕೆ ತಕ್ಕ ಬೆಲೆ ಕೇಳಿ.

ಸಾಫ್ಟ್‌ವೇರ್ ವಿಷಯ. 2013ರಲ್ಲಿ ಫೋಟೋಶಾಪ್ ಮಾಡುವ ಅಡೋಬಿ ಕಂಪನಿ ಬಾಡಿಗೆ ಪದ್ಧತಿಗೆ ಹೋದ ಮೇಲೆ ಕಡಿಮೆ ಆದಾಯದ ದೇಶಗಳಲ್ಲಿ ಅದೊಂದು ಕಾಯಂ ಹೊರೆ. ಪೈರೇಟೆಡ್ ಹಾಕಿಕೊಂಡು ವಿದೇಶಿ ಗಿರಾಕಿಗೆ ಕೆಲಸ ಮಾಡಬೇಡಿ, ಒಪ್ಪಂದದಲ್ಲಿ ಪರವಾನಗಿ ಖಾತರಿ ಕೇಳುತ್ತಾರೆ, ಸಹಿ ಹಾಕಿದರೆ ಸಿಕ್ಕಿಬೀಳುವವರು ನೀವು. ಬೋರ್ಡ್, ವಿನೈಲ್ ಕಟಿಂಗ್‌ಗೆ ಕೋರೆಲ್‌ಡ್ರಾ ಈಗಲೂ ಗಟ್ಟಿ, ಅದನ್ನು ಹೀಯಾಳಿಸುವವರು ಕಟ್ಟರ್ ಮುಟ್ಟಿರುವುದಿಲ್ಲ. ಅಫಿನಿಟಿ 2025ರಿಂದ ಪುಕ್ಕಟೆ. ಆದರೆ ಅದರ ಹಿಂದಿನ ಆವೃತ್ತಿಗಳಲ್ಲಿ ಕನ್ನಡ ಒತ್ತಕ್ಷರ ಚದುರುತ್ತಿತ್ತು, ಪರೀಕ್ಷೆ ಮಾಡದೆ ನಂಬಬೇಡಿ. ಇಂಕ್‌ಸ್ಕೇಪ್ ಒತ್ತಕ್ಷರ ಸರಿಯಾಗಿ ಕೂರಿಸುತ್ತದೆ, ಪ್ರೆಸ್‌ಗೆ ಬೇಕಾದ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ) ಫೈಲನ್ನು ಸ್ಕ್ರೈಬಸ್ ಅನ್ನುವ ಪುಟ ವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಳ್ಳಿ.

ಲಿಪಿಯ ಮಾತು ಬಂತು. ಇಂಗ್ಲಿಷ್ ಲೋಗೋ ಮಾಡುವವರು ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟು ಜನ, ದರ ಬೀಳುವುದು ಅಲ್ಲೇ. ಕನ್ನಡ, ತಮಿಳು, ಥಾಯ್, ಅರಬ್ಬಿ ಲಿಪಿಯನ್ನು ಸರಿಯಾಗಿ ಹೊಂದಿಸುವವರು ಕಡಿಮೆ. ಅಡೋಬಿಯ ಪುಟ ವಿನ್ಯಾಸ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಇಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿ, ಆಟೋ ಲೀಡಿಂಗ್‌ನ (ಸಾಲುಗಳ ನಡುವಿನ ಅಂತರ) 120% ತೆಗೆದು ಕನ್ನಡಕ್ಕೆ 150% ಇಡಿ, 12 ಪಾಯಿಂಟ್‌ಗೆ 18. ಮೇಲಿನ ಸಾಲಲ್ಲಿ "ಸ್ವಾತಂತ್ರ್ಯ", ಅದರ ಕೆಳಗೇ "ಕೀರ್ತಿ" ಬರುವಂತೆ ಇಟ್ಟು ನೋಡಿ. ಎರಡು ಒತ್ತುಗಳು ಕೆಳಗಿನ ಗುಡಿಸಿಗೆ ತಾಗದಿದ್ದರೆ ಸರಿ. ಇಂಥ ಕೆಲಸ ಗೊತ್ತಿರುವವರನ್ನು ಅಂತಾರಾಷ್ಟ್ರೀಯ ಬ್ರ್ಯಾಂಡುಗಳು ಸ್ಥಳೀಯ ಆವೃತ್ತಿಗೆ ಹುಡುಕುತ್ತವೆ, ಅಲ್ಲಿ ನಿಮ್ಮ ಊರೇ ನಿಮ್ಮ ಬಲ.

ಹೊರದೇಶಕ್ಕೆ ಪ್ರಿಂಟ್ ಫೈಲ್ ಕಳಿಸುವುದಾದರೆ ಅಡೋಬಿಯ ಕಲರ್ ಸೆಟ್ಟಿಂಗ್ ನೋಡಿಕೊಳ್ಳಿ. ಮುದ್ರಣದ ಬಣ್ಣ ಹೇಗೆ ಬರಬೇಕು ಅಂತ ಹೇಳುವ ಪ್ರೊಫೈಲ್ ದೇಶಕ್ಕೊಂದು: ಉತ್ತರ ಅಮೆರಿಕ ಸೆಟ್ಟಿಂಗ್‌ನಲ್ಲಿ ಎಸ್‌ಡಬ್ಲ್ಯೂಓಪಿ, ಯುರೋಪಿನದರಲ್ಲಿ ಫೋಗ್ರಾ39, ಜಪಾನಿನದರಲ್ಲಿ ಜಪಾನ್ ಕಲರ್ 2001 ಇರುತ್ತದೆ. ಪ್ರೆಸ್‌ನವರು ಹೇಳಿದ ಪ್ರೊಫೈಲ್ ಹಾಕಿ. ವಿಸಿಟಿಂಗ್ ಕಾರ್ಡ್ ಯುರೋಪಿಗೆ 85×55 ಮಿ.ಮೀ., ಜಪಾನ್‌ಗೆ 91×55, ಅಮೆರಿಕಕ್ಕೆ 3.5×2 ಇಂಚು. ಲೆಟರ್‌ಹೆಡ್‌ನ್ನು ಅಮೆರಿಕದವರಿಗೆ ಎ4ನಲ್ಲಿ ಕಳಿಸಬೇಡಿ, ಅವರದು ಲೆಟರ್ ಸೈಜ್, 216×279 ಮಿ.ಮೀ. ಕೆಳಗಿನ ವಿಳಾಸದ ಸಾಲು ಕತ್ತರಿಸಿಹೋಗುತ್ತದೆ.

ಈಗ ಒಂದು ಕೆಲಸ ಮಾಡಿ. ಹೋದ ತಿಂಗಳು ಎಷ್ಟು ಗಂಟೆ ಕೂತಿರಿ, ಅದರಲ್ಲಿ ಎಷ್ಟಕ್ಕೆ ಬಿಲ್ ಆಯಿತು, ಮೊತ್ತ ಬೇಡ, ಗಂಟೆ ಮಾತ್ರ ಇಲ್ಲಿ ಬರೆಯಿರಿ. ಪ್ರೊಫೈಲ್‌ನಲ್ಲಿ "ಎಲ್ಲ ಹಕ್ಕೂ ನಿಮಗೆ" ಅನ್ನುವ ಸಾಲನ್ನು ಇವತ್ತೇ ತೆಗೆಯಿರಿ. ದರ ಎಷ್ಟಿರಬೇಕು ಅನ್ನುವುದನ್ನು ಆ ಗಂಟೆಗಳು ಬಂದ ಮೇಲೆ ಕೂತು ನೋಡೋಣ.