‘ಎರಡೇ ಪೆಗ್’ ಎಂಬ ಮಾತು ಏಕೆ ಉಳಿಯುವುದಿಲ್ಲ?

ಸಲಹೆ ಕೇಳಿ ನನ್ನ ಬಳಿಗೆ ಬಂದ, ಕಾರವಾರದ ಸಮೀಪದ ಕಡಲತಡಿಯ ಊರಿನ ದಂಪತಿಯ ಪ್ರಕರಣವಿದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಲವತ್ತರ ಆಸುಪಾಸಿನ ಪತಿ ಟ್ರಾಲರ್ ಬೋಟಿನಲ್ಲಿ ದುಡಿಯುವವರು. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗಿನ ಅವಧಿಯಲ್ಲಿ ಕೈಗೆ ಕೆಲಸವಿಲ್ಲದೆ, ಸಂಜೆಗಷ್ಟೇ ಇದ್ದ ಕುಡಿತ ಬೆಳಿಗ್ಗೆಯೇ ಆರಂಭವಾಗುವ ಹಂತಕ್ಕೆ ಬಂದಿತ್ತು. ಮಗಳ ಪಿಯುಸಿ ಪ್ರವೇಶಕ್ಕೆಂದು ಕಪಾಟಿನಲ್ಲಿ ಇಟ್ಟಿದ್ದ ಹಣಕ್ಕಾಗಿ ಒಂದು ರಾತ್ರಿ ಜಗಳ ತೆಗೆದು, ತಡೆಯಲು ಬಂದ ಹೆಂಡತಿಯ ತಮ್ಮನನ್ನು ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿದ್ದರು. ಮರುದಿನ ಅದಾವುದೂ ಅವರಿಗೆ ನೆನಪಿರಲಿಲ್ಲ.

ಪತ್ನಿ ಕೇಳಿದ ಮೊದಲ ಪ್ರಶ್ನೆ ಕುಡಿತ ಬಿಡಿಸುವ ಬಗೆಗಿನದಾಗಿರಲಿಲ್ಲ. “ಕುಡಿದಾಗ ಬಾಯಿಂದ ಬರೋದೇ ಮನಸ್ಸಿನ ಮಾತು ಅಂತಾರಲ್ಲ ಮೇಡಂ. ಹಾಗಾದರೆ ಇವರ ಮನಸ್ಸಿನಲ್ಲಿ ನಾನು ಇಷ್ಟೇನಾ?” ಎಂದು ಅವರು ಕೇಳಿದಾಗ ಪತಿ ತಲೆ ಎತ್ತಲಿಲ್ಲ.

ಈ ನಂಬಿಕೆ ಎಷ್ಟೋ ಸಂಸಾರಗಳನ್ನು ಕುಡಿತಕ್ಕಿಂತ ಹೆಚ್ಚು ನೋಯಿಸಿರುವುದನ್ನು ಬಲ್ಲೆನಾದ್ದರಿಂದ ಇದಕ್ಕೇ ಮೊದಲು ಉತ್ತರಿಸಿದೆ. ಸಿಟ್ಟಿನಲ್ಲಿ ನೂರು ಮಾತು ಎಲ್ಲರ ಮನಸ್ಸಿನಲ್ಲೂ ಹಾದುಹೋಗುತ್ತವೆ. ಅವುಗಳಲ್ಲಿ ಯಾವುದನ್ನು ಆಡಬೇಕು, ಯಾವುದನ್ನು ನುಂಗಬೇಕು ಎಂದು ತೂಗಿನೋಡುವ ಕೆಲಸದಲ್ಲಿ ಹಣೆಯ ಹಿಂದಿರುವ ಮುಂಮೆದುಳಿನದು ದೊಡ್ಡ ಪಾಲು. ಆ ತೂಗಿನೋಡುವಿಕೆಯೂ ಮನಸ್ಸೇ. ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸಿ, ಚುರುಕುಗೊಳಿಸುವ ಗ್ಲುಟಮೇಟ್‌ನ ಕೆಲಸವನ್ನು ಅಡ್ಡಿಪಡಿಸುತ್ತದೆ. ಜೊತೆಗೆ ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕ ಬಿಡುಗಡೆಯಾಗಿ ‘ಇನ್ನೊಂದಿಷ್ಟು’ ಎಂಬ ಬಯಕೆ ಹುಟ್ಟುತ್ತದೆ. ಕಾಲು ತಡವರಿಸುವ ಮೊದಲೇ ವಿವೇಚನೆ ಸಡಿಲವಾಗಿರುತ್ತದೆ. ಆದ್ದರಿಂದ ಆ ರಾತ್ರಿಯ ಮಾತುಗಳನ್ನು ಗಂಡನ ಅಂತರಂಗದ ತೀರ್ಪೆಂದು ಭಾವಿಸಬೇಕಾಗಿಲ್ಲ ಎಂದೆ. ಆದರೆ ತಳ್ಳಿದ ಕೈ ಅವರದೇ, ಅದರ ಹೊಣೆಯೂ ಅವರದೇ ಎಂಬುದನ್ನು ಅದೇ ಉಸಿರಿನಲ್ಲಿ ಪತಿಗೆ ಸ್ಪಷ್ಟವಾಗಿ ಹೇಳಿದೆ.

ನೆನಪಿಲ್ಲವೆನ್ನುವುದು ನಾಟಕವೆಂದು ಪತ್ನಿ ನಂಬಿದ್ದರು. ರಕ್ತದಲ್ಲಿ ಮದ್ಯದ ಪ್ರಮಾಣ ವೇಗವಾಗಿ ಏರಿದಾಗ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪುಗಳನ್ನು ದಾಖಲಿಸುವುದನ್ನೇ ನಿಲ್ಲಿಸಬಹುದು. ಮನುಷ್ಯ ಓಡಾಡುತ್ತ, ಮಾತಾಡುತ್ತ ಇದ್ದರೂ ಆ ಹೊತ್ತು ಎಲ್ಲಿಯೂ ದಾಖಲಾಗಿರುವುದಿಲ್ಲ. ಬ್ಲ್ಯಾಕ್‌ಔಟ್ ಎನ್ನುವುದು ಇದನ್ನೇ.

“ಎರಡೇ ಪೆಗ್‌ಗೆ ನಿಲ್ಲಿಸುತ್ತೇನೆ, ದೇವರಾಣೆ” ಎಂದು ಪತಿ ಹೇಳಿದರು. ಆ ಮಾತಿನಲ್ಲಿ ಸುಳ್ಳಿತ್ತೆಂದು ನನಗೆ ಅನ್ನಿಸಲಿಲ್ಲ. ಆದರೆ ಅದು ಚುಕ್ಕಾಣಿ ಹಿಡಿದ ತಾಂಡೇಲನನ್ನೇ ಮೊದಲು ಮಲಗಿಸಿ, ಬೋಟನ್ನು ದಂಡೆಗೆ ತಲುಪಿಸೆಂದು ಅವನಿಗೇ ಹೇಳಿದಂತೆ. ಎರಡನೆಯ ಪೆಗ್ ಮುಗಿಯುವ ಹೊತ್ತಿಗೆ ಮೂರನೆಯದನ್ನು ಬೇಡವೆನ್ನಬೇಕಾದ ವಿವೇಕವೇ ಮಂಕಾಗಿರುತ್ತದೆ. ಅವರಂತೆ ಅವಲಂಬನೆಯ ಹಂತ ತಲುಪಿದವರು ನಿರ್ಧಾರ ಮಾಡಬೇಕಾದದ್ದು ಮೊದಲ ಪೆಗ್‌ಗಿಂತ ಮುಂಚೆಯೇ.

ಹಾಗೆಂದು ಅಂದೇ ಬಿಟ್ಟುಬಿಡಿ ಎಂದು ಹೇಳಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅದು ತುಳುಕುತ್ತಿತ್ತು, ಹಣೆಯಲ್ಲಿ ಬೆವರಿತ್ತು. ವರ್ಷಗಟ್ಟಲೆ ಮದ್ಯಕ್ಕೆ ಹೊಂದಿಕೊಂಡ ಮಿದುಳು ಅದು ಹಠಾತ್ತನೆ ನಿಂತಾಗ ಅತಿಯಾಗಿ ಉದ್ರೇಕಗೊಳ್ಳುತ್ತದೆ. ನಡುಕ, ನಿದ್ರಾಹೀನತೆಯಿಂದ ಶುರುವಾಗಿ, ಕೆಲವರಿಗೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡು–ಮೂರನೆಯ ದಿನ ಇಲ್ಲದ್ದು ಕಾಣುವ, ದಿಕ್ಕುದೆಸೆ ತಿಳಿಯದ ಸನ್ನಿಯೂ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಹಾಗಾಗಿ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಕಳುಹಿಸಿದೆ. ಅಲ್ಲಿ ಒಳರೋಗಿಯಾಗಿ ದಾಖಲಿಸಿಕೊಂಡು, ಥಯಾಮಿನ್ ಎಂಬ ಬಿ1 ಜೀವಸತ್ವದ ಜೊತೆಗೆ ನಡುಕ ತಗ್ಗಿಸುವ ಔಷಧ ಕೊಟ್ಟರು.

ಪತ್ನಿಯ ಚೀಲದಲ್ಲಿ ಊಟದಲ್ಲಿ ಗುಟ್ಟಾಗಿ ಬೆರೆಸುವಂತೆ ಯಾರೋ ಕೊಟ್ಟಿದ್ದ ಪುಡಿಯ ಪೊಟ್ಟಣವೂ ಇತ್ತು. ಅದನ್ನು ಬಳಸಲೇಬೇಡಿ ಎಂದೆ. ಮದ್ಯದೊಂದಿಗೆ ಸೇರಿದರೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟುಮಾಡುವ ಡೈಸಲ್ಫಿರಾಮ್‌ನಂಥ ಔಷಧವನ್ನು ವೈದ್ಯರು ಕೊಡುವುದೂ ರೋಗಿಗೆ ಎಲ್ಲವನ್ನೂ ತಿಳಿಸಿ, ಒಪ್ಪಿಗೆ ಪಡೆದ ಮೇಲೆಯೇ. ಏನಿದೆಯೆಂದೇ ಗೊತ್ತಿಲ್ಲದ ಪುಡಿಯಂತೂ ಇನ್ನೂ ಅಪಾಯಕಾರಿ.

ಆಸ್ಪತ್ರೆಯಿಂದ ಬಂದ ಬಳಿಕದ ಸಲಹೆಗಳೆಲ್ಲ, ಅಂಕೆ ಗಟ್ಟಿಯಿರುವ ಬೆಳಗಿನ ಹೊತ್ತಿನಲ್ಲೇ ಸಂಜೆಯ ದಾರಿ ನಿಶ್ಚಯಿಸುವ ಬಗೆಗಿನವು. ಮೀನುಗಾರಿಕೆ ಪುನರಾರಂಭವಾದಾಗ ಬೋಟಿನ ಲೆಕ್ಕದ ಹಣ ನೇರವಾಗಿ ಪತ್ನಿಯ ಖಾತೆಗೆ ಬರುವಂತೆ ಮಾಲೀಕರಿಗೆ ಪತಿಯೇ ಹೇಳಿದರು. ಬಂದರಿನಿಂದ ಮನೆಗೆ ಬಾರ್ ಇಲ್ಲದ ದಾರಿಯಲ್ಲಿ, ಕುಡಿಯದ ಅಣ್ಣನ ಜೊತೆಯಲ್ಲೇ ಮರಳುವುದೆಂದು ಒಪ್ಪಿದರು. ಪತ್ನಿಗೆ, ಗಂಡ ಕುಡಿದು ಬಂದ ರಾತ್ರಿ ವಾದಕ್ಕಿಳಿಯಬೇಡಿ, ಕೈಯೆತ್ತುವ ಸೂಚನೆ ಕಂಡರೆ ಮಗಳೊಂದಿಗೆ ತಮ್ಮನ ಮನೆಗೆ ಹೋಗಿ 112ಕ್ಕೆ ಕರೆ ಮಾಡಿ ಎಂದು ತಿಳಿಸಿದೆ. ಸಂಕಟದ ಹೊತ್ತಿನಲ್ಲಿ ಮಾತನಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಬರೆದುಕೊಟ್ಟೆ.

ಚೌತಿಯ ಸಮಯದಲ್ಲಿ ಒಮ್ಮೆ ಕುಡಿದರು; ಮರುದಿನ ತಾವಾಗಿಯೇ ಬಂದು ಹೇಳಿದರು. ಹೀಗೆ ಎಡವುವುದು ಚಿಕಿತ್ಸೆಯ ಹಾದಿಯಲ್ಲಿ ಸಾಮಾನ್ಯವಾದ್ದರಿಂದ ಔಷಧ ಮತ್ತು ಭೇಟಿಗಳನ್ನು ಮುಂದುವರಿಸಿದ್ದೇವೆ. ಭಾವಮೈದುನನ ಬಳಿ ಕ್ಷಮೆ ಕೇಳಿದ್ದಾರೆ. ಮಗಳು ಮಾತ್ರ ಇನ್ನೂ ಅಪ್ಪನೊಂದಿಗೆ ಮಾತನಾಡುತ್ತಿಲ್ಲ. ಅವಳನ್ನು ಒತ್ತಾಯಿಸಬೇಡಿ, ಅವಳಿಗೆ ಬೇಕಾದಷ್ಟು ಸಮಯ ಕೊಡಿ ಎಂದು ಇಬ್ಬರಿಗೂ ಹೇಳಿದ್ದೇನೆ.