ಮಂತ್ರದ ಆಟ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಕಾರ್ಡಿನ ಕಟ್ಟು, ನಿಯಮಗಳ ಹಸ್ತಪ್ರತಿ ಎರಡೂ ತಲುಪಿದವು. ಪದದ ಮುಂತುಂಡಿಗೆ ಒಂದು ಕಾರ್ಡು, ಹಿಂತುಂಡಿಗೆ ಇನ್ನೊಂದು. ಜೋಡಿಸಿದರೆ ಮಂತ್ರ. ಯೋಚನೆ ನನಗೆ ತುಂಬಾ ಹಿಡಿಸಿತು. ಆದರೂ ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕಾರಣ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಯಮ ಶುರುವಾಗುವುದೇ 11ನೇ ಪುಟದಲ್ಲಿ. ಅದಕ್ಕೂ ಮೊದಲು ಮಾಂತ್ರಿಕರ ಮನೆತನದ ಏಳು ತಲೆಮಾರಿನ ಕಥೆ. ಆಡೋಣ ಅಂತ ಕೂತ ನಾವು ಮೂವರಲ್ಲಿ ಒಬ್ಬರು ಮೂರನೇ ತಲೆಮಾರಿಗೇ ಎದ್ದು ಹೋದರು. ಇರಲಿ, ಅದನ್ನು ಕತ್ತರಿಸಿದರಾಯಿತು.

ದೊಡ್ಡ ತೊಂದರೆ ಬೇರೆ ಇದೆ. ನಿಮ್ಮಲ್ಲಿ ‘ಪ್ರ’ ಅಂದರೆ 2 ಅಂಕ, ‘ಸಂ’ ಅಂದರೆ 3. ಅಕ್ಷರ ಅಳಿಸಿ ಕೆಂಪು, ನೀಲಿ ಬಳಿದರೂ ಆಟ ಹಾಗೇ ನಡೆಯುತ್ತದೆ. ಮತ್ತೆ ಪದ ಯಾಕೆ ಬೇಕು ಹೇಳಿ?

‘ಹಾರ’ ತೆಗೆದುಕೊಳ್ಳಿ. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಊಟ ಎಲ್ಲಿ, ಕೊಲೆ ಎಲ್ಲಿ! ಉಪಸರ್ಗವು, ಅಂದರೆ ‘ಪ್ರ’, ‘ಸಂ’ನಂಥ ಮುಂತುಂಡು, ಧಾತುವಿನ, ಅಂದರೆ ಕ್ರಿಯೆಯ ಮೂಲರೂಪದ, ಅರ್ಥವನ್ನು ಬಲವಂತವಾಗಿ ಬೇರೆ ಕಡೆಗೆ ಎಳೆದೊಯ್ಯುತ್ತದೆ ಅಂತ ಸಂಸ್ಕೃತದಲ್ಲಿ ಒಂದು ಹಳೆಯ ಶ್ಲೋಕವೇ ಇದೆ. ಅದರಲ್ಲಿ ಬರುವ ಉದಾಹರಣೆಗಳೂ ಇವೇ ಐದು. ಎದುರಾಳಿ ‘ಸಂ’ ಇಟ್ಟು ಸಂಹಾರ ಅಂದಾಗ ನನ್ನ ಕೈಯಲ್ಲಿ ‘ಪರಿ’ ಇದ್ದರೆ ಬಚಾವ್. ಇಷ್ಟು ನಡೆದಿದ್ದರೆ ನಾವು ಊಟ ಬಿಟ್ಟು ಆಡುತ್ತಿದ್ದೆವು.

ಮಂತ್ರ ಅಂದರೆ ಸಂಸ್ಕೃತವೇ ಆಗಬೇಕು ಅಂತ ಅಂದುಕೊಂಡಿದ್ದೀರಾ? ಕಟ್ಟಿನಲ್ಲಿ ಕನ್ನಡ ಪದ ಹುಡುಕಬೇಕು. ಕನ್ನಡದ ಕೀಲಿ ಇರುವುದು ಪದದ ಬಾಲದಲ್ಲಿ. ‘ಬೆಂಕಿ’ಗೆ ‘ಇಂದ’ ಸೇರಿಸಿದರೆ ಬೆಂಕಿ ಆಯುಧ. ‘ಅನ್ನು’ ಸೇರಿಸಿದರೆ ಏಟು ಬೀಳುವುದೇ ಬೆಂಕಿಗೆ. ಒಂದು ವಿಭಕ್ತಿ ಕಾರ್ಡಿನಿಂದ ಇಡೀ ಮಂತ್ರ ತಿರುಗಿ ನಿಲ್ಲುತ್ತದೆ.

ತುಂಡುಗಳು ಕೂಡುವ ಜಾಗದಲ್ಲಿ ಸುಮ್ನೆ ಗೋಂದು ಹಚ್ಚಿದ್ದೀರಿ. ನಿಮ್ಮ ಉದಾಹರಣೆಯಲ್ಲಿ ‘ಮಳೆಕಾಲ’ ಅಂತಿದೆ. ಅದು ಮಳೆಗಾಲ ಅಲ್ವಾ? ಬೆಟ್ಟ, ತಾವರೆ ಕೂಡಿದರೆ ಬೆಟ್ಟದಾವರೆ. ಕಣ್, ಪನಿ ಕೂಡಿದರೆ ಕಂಬನಿ. ಸಂಧಿ ಸರಿಯಾಗಿ ಹೇಳಿದವರಿಗೆ ಮಂತ್ರ ಫಲಿಸಲಿ, ತಪ್ಪಿದವರಿಗೆ ತಿರುಗಿ ಹೊಡೆಯಲಿ. ದೇವಶಿಲ್ಪಿ ತ್ವಷ್ಟೃವಿನ ಕಥೆ ಗೊತ್ತಲ್ಲ? ಇಂದ್ರನನ್ನು ಕೊಲ್ಲುವ ಮಗ ಬೇಕು ಅಂತ ಹೋಮ ಮಾಡಿ, ‘ಇಂದ್ರಶತ್ರು’ ಅನ್ನುವಾಗ ಸ್ವರದ ಏರಿಳಿತ ತಪ್ಪಿತು. ‘ಇಂದ್ರನನ್ನು ಕೊಲ್ಲುವವನು’ ಅನ್ನುವ ಸಮಾಸದ ಅರ್ಥ ‘ಇಂದ್ರನಿಂದ ಸಾಯುವವನು’ ಅಂತ ಉಲ್ಟಾ ಆಗಿ, ಹುಟ್ಟಿದ ವೃತ್ರ ಇಂದ್ರನ ಕೈಯಲ್ಲೇ ಸತ್ತ. ಇಂದ್ರಾಸನ ಕೇಳಲು ಹೋಗಿ ನಿದ್ರಾಸನ ಕೇಳಿದ ಕುಂಭಕರ್ಣನಂತೂ ಮನೆಮನೆಯ ಕಥೆ. ನಿಮ್ಮ ಏಳು ತಲೆಮಾರಿಗಿಂತ ಈ ಎರಡು ಸಾಲು ಜಾಸ್ತಿ ಕೆಲಸ ಮಾಡುತ್ತವೆ.

ಖಳನೂ ಸಿದ್ಧವಾಗಿದ್ದಾನೆ. 13ನೇ ಶತಮಾನದ ಕೇಶಿರಾಜನ ವ್ಯಾಕರಣದಲ್ಲೇ ಇರುವ ಅರಿಸಮಾಸ. ಕನ್ನಡ ಪದದ ಜೊತೆ ಸಂಸ್ಕೃತ ಪದ ಬೆಸೆದರೆ ಅದು ‘ಅರಿ’, ಅಂದರೆ ಶತ್ರು. ‘ಮುಖದಾವರೆ’ ಕೂಡದು, ‘ಮೊಗದಾವರೆ’ ಆಗಬಹುದು, ಯಾಕೆಂದರೆ ‘ಮೊಗ’ ಅನ್ನುವುದು ‘ಮುಖ’ ಕನ್ನಡಕ್ಕೆ ಒಗ್ಗಿದ ರೂಪ. ಹಾಗಾಗಿ ‘ಮುಖ’ದ ಕಾರ್ಡು ಮಗುಚಿದರೆ ಹಿಂದೆ ‘ಮೊಗ’ ಇರಲಿ. ಮಳೆಗಾಲದ ‘ಕಾಲ’ ಸಂಸ್ಕೃತದ್ದಲ್ಲವಾ ಅಂತ ಯಾರಾದರೂ ಜಗಳ ತೆಗೆದೇ ತೆಗೆಯುತ್ತಾರೆ. ತೆಗೆಯಲಿ, ಆ ಜಗಳಕ್ಕೂ ಒಂದು ನಿಯಮ ಬರೆಯಿರಿ.

ಮುಂದಿನ ಸಲ 24 ಕಾರ್ಡು ಸಾಕು. ನಿಯಮ ಒಂದೇ ಹಾಳೆಯಲ್ಲಿರಲಿ. ಮನೆಯಲ್ಲಿ ಯಾರನ್ನಾದರೂ ಕೂರಿಸಿ ಆಡಿಸಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಡವರಿಸಿದರು, ಎಲ್ಲಿ ನಕ್ಕರು, ಅದನ್ನೂ ಬರೆದು ಕಳಿಸಿ. ಕಾರ್ಡುಗಳನ್ನು ಸದ್ಯಕ್ಕೆ ನಾನೇ ಇಟ್ಟುಕೊಂಡಿದ್ದೇನೆ, ‘ಹಾರ’ದ ಆಟ ಇನ್ನೂ ಮುಗಿದಿಲ್ಲ.